ಪರದೆಗೆ ಬೆನ್ನು ಹಾಕಿ ಕೂತವಳು

ಸಿನಿಮಾ ನೋಡುವುದನ್ನೇ ಕೆಲಸ ಮಾಡಿಕೊಂಡ ಪುಣ್ಯವಂತರು ಲೋಕದಲ್ಲಿ ಕೆಲವರಿದ್ದಾರೆ. ಸಿನಿಮಾ ನೋಡದೇ ಇರುವುದನ್ನು ಕೆಲಸ ಮಾಡಿಕೊಂಡವಳು ಬೆನ್ನಕ್ಕ ಒಬ್ಬಳೇ ಇರಬೇಕು. ಒಂಬತ್ತು ವರ್ಷದಿಂದ ಅವಳು ವಾರಕ್ಕೆ ಎರಡೋ ಮೂರೋ ಚಿತ್ರಗಳ ಮುಂದೆ ಕೂತಿದ್ದಾಳೆ. ಒಬ್ಬ ನಾಯಕನ ಮುಖವನ್ನೂ ಸರಿಯಾಗಿ ಕಂಡವಳಲ್ಲ. ಹಾಡು, ಗುಂಡಿನ ಸದ್ದು, ನಾಯಕಿಯ ಬಿಕ್ಕಳಿಕೆ ಎಲ್ಲವೂ ಬೆನ್ನ ಹಿಂದಿನಿಂದ ಬಂದು ಕಿವಿಗೆ ಬೀಳುತ್ತವೆ. ಕಣ್ಣಿಗೆ ಬೀಳುವುದು ಮಕ್ಕಳ ಮುಖ ಮಾತ್ರ.

ಯಾವ ಚಿತ್ರವನ್ನು ಯಾವ ವಯಸ್ಸಿನವರು ನೋಡಬಹುದು ಎಂದು ಹೇಳುವ ಮಂಡಳಿಯೊಂದು ಆ ಊರಿನಲ್ಲಿತ್ತು. ಹಳೆಯ ಕಟ್ಟಡ, ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಕಚೇರಿ, ಅದರ ಮೇಲೆ ಐವತ್ತು ಜನ ಕೂರುವಂಥ ಪುಟ್ಟ ಚಿತ್ರಮಂದಿರ. ಗೋಡೆಯ ಎ.ಸಿ. ತೊಟ್ಟಿಕ್ಕುತ್ತಿತ್ತು, ಅದರ ಕೆಳಗೊಂದು ಪ್ಲಾಸ್ಟಿಕ್ ಬಕೆಟ್ಟು. ಹಿಂದಿನ ಅಧ್ಯಕ್ಷರೊಬ್ಬರು ಅಲ್ಲೊಂದು ಪದ್ಧತಿ ಹಾಕಿ ಹೋಗಿದ್ದರು. ಹದಿಹರೆಯದವರಿಗೂ ತೋರಿಸುತ್ತೇವೆ ಎಂದು ಬಂದ ಚಿತ್ರವನ್ನು ದೊಡ್ಡವರು ನೋಡಿದರೆ ಸಾಲದು. ಯಾವುದಾದರೊಂದು ಶಾಲೆಯಿಂದ ಆ ವಯಸ್ಸಿನ ಹತ್ತು ಹನ್ನೆರಡು ಮಕ್ಕಳನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಬೇಕು. ಪರದೆಯ ಕೆಳಗೆ, ಮಕ್ಕಳ ಕಡೆ ಮುಖ ಮಾಡಿದ ಕುರ್ಚಿಯೊಂದನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ಅದರಲ್ಲಿ ಕೂತವರು ಪರದೆಯ ಕಡೆ ತಿರುಗುವ ಹಾಗಿಲ್ಲ. ಮಕ್ಕಳು ಎಲ್ಲಿ ನಕ್ಕರು, ಎಲ್ಲಿ ಬೆಚ್ಚಿದರು, ಎಲ್ಲಿ ಪಕ್ಕದವರ ಕೈ ಹಿಡಿದರು ಎಂದು ನೋಡಿಕೊಂಡು ಕೊನೆಗೆ ಹೇಳಬೇಕು. ದೊಡ್ಡವರೆಲ್ಲ ಚಿತ್ರ ನೋಡಿ ಮಕ್ಕಳ ಬಗ್ಗೆ ಊಹೆ ಮಾಡುತ್ತಾರೆ, ಒಬ್ಬರಾದರೂ ಮಕ್ಕಳನ್ನೇ ನೋಡಲಿ ಎಂಬುದು ಆ ಅಧ್ಯಕ್ಷರ ವಾದ. ಒಳ್ಳೆಯ ವಾದವೇ. ಆದರೆ ಆ ಕುರ್ಚಿಯಲ್ಲಿ ಕೂರಲು ಒಬ್ಬರೂ ತಯಾರಿರಲಿಲ್ಲ. ಪುಕ್ಕಟೆ ಸಿನಿಮಾಕ್ಕೆ ಬೆನ್ನು ಹಾಕಿ ಕೂರುವುದೆಂದರೆ ಬಡಿಸಿದ ತಟ್ಟೆಗೆ ಬೆನ್ನು ಹಾಕಿ ಕೂತ ಹಾಗೆ.

ಆಗ ಇವಳು ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಇದ್ದಳು. ಮಕ್ಕಳು ಆ ಎತ್ತರದ ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗ ಎದುರಿಗೆ ನಿಂತು ಅವರ ಕೈ ಹಿಡಿದುಕೊಳ್ಳುವುದು ಅವಳ ಕೆಲಸ. ಮಗು ಅಳುವ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಗಲ್ಲ ಅದುರುವುದಲ್ಲ, ಅದಕ್ಕೂ ಮೊದಲು ಹುಬ್ಬಿನ ಮಧ್ಯೆ ಏನೋ ಆಗುತ್ತದೆ, ಅಷ್ಟರಲ್ಲಿ ಡಾಕ್ಟರಿಗೆ ಕಣ್ಸನ್ನೆ ಮಾಡಬೇಕು. ಮೊಮ್ಮಗನ ಹಲ್ಲು ಕೀಳಿಸಲು ಬಂದಿದ್ದ ಈಗಿನ ಅಧ್ಯಕ್ಷರು, ಹೈಸ್ಕೂಲಿನ ಹೆಡ್‌ಮೇಡಂ ಆಗಿ ನಿವೃತ್ತರಾದವರು, ಇದನ್ನು ನೋಡಿದರು. ನೋಡಿದವರು ಬಿಡಲಿಲ್ಲ, ಕರೆದುಕೊಂಡು ಬಂದು ಬೋಲ್ಟು ಹಾಕಿದ ಕುರ್ಚಿಯಲ್ಲಿ ಕೂರಿಸಿದರು.

"ಒಂದು ಮಾತು ನೆನಪಿಟ್ಕೊಳ್ಳಿ," ಎಂದಿದ್ದರು ಅವರು. "ನೀವು ಮಕ್ಕಳನ್ನ ನೋಡ್ತಾ ಇರ್ತೀರ, ಮಕ್ಕಳಿಗೂ ನೀವು ಕಾಣ್ತೀರ. ನೀವು ನಕ್ಕರೆ ಅವೂ ನಗ್ತವೆ, ನೀವು ಹೆದರಿದ್ರೆ ಅವೂ ಹೆದರ್ತವೆ. ನಿಮ್ಮ ಮುಖ ಗೋಡೆ ಆಗಿರ್ಬೇಕು."

ಆಯಿತು, ಗೋಡೆಯೇ ಆದಳು. ಅವಳಿಗೆ ಬೆನ್ನಕ್ಕ ಎಂದು ಹೆಸರಿಟ್ಟವನು ಮೇಲಿನ ಕಿಂಡಿಯಿಂದ ಚಿತ್ರ ಓಡಿಸುವ ಆಪರೇಟರು. ಅಲ್ಲಿಂದ ನೋಡಿದರೆ ಪರದೆಯ ಮೇಲೆ ಊರು ಹತ್ತಿ ಉರಿಯುತ್ತಿದ್ದರೂ ಅದಕ್ಕೆ ಬೆನ್ನು ಕೊಟ್ಟು ಮಿಸುಕದೆ ಕೂತ ಹೆಂಗಸೊಬ್ಬಳು ಕಾಣುತ್ತಿದ್ದಳು. ಮಂಡಳಿಯವರೂ ಅವಳನ್ನು ಹಾಗೆಯೇ ಕರೆದರು. ಬೇಸರ ಮಾಡಿಕೊಳ್ಳಲು ಅವಳಿಗೆ ಪುರಸೊತ್ತಿರಲಿಲ್ಲ; ಮನೆಯಲ್ಲಿ ದುಡಿಮೆ ತಪ್ಪಿದ ಗಂಡ, ಆಗಿನ್ನೂ ಐದು ತುಂಬಿದ ಮಗಳು.

ವರ್ಷಗಳು ಕಳೆದಂತೆ ಅವಳಿಗೆ ನಗುವಿನಲ್ಲಿರುವ ಜಾತಿಗಳೆಲ್ಲ ಗೊತ್ತಾದವು. ಹೊಟ್ಟೆಯಿಂದ ಬರುವ ನಗು ಒಂದು, ಅದು ಬಂದಾಗ ಮಕ್ಕಳ ಕಾಲು ನೆಲ ಬಿಡುತ್ತದೆ. ಪಕ್ಕದವರು ನಕ್ಕರೆಂದು ನಗುವುದು ಇನ್ನೊಂದು. ಮೂರನೆಯದು ಬರೀ ಬಾಯಿಯ ನಗು, ಹಲ್ಲು ಕಾಣುತ್ತದೆ, ಕಣ್ಣು ಬೇರೆಲ್ಲೋ ಇರುತ್ತದೆ. ಆ ಮೂರನೆಯದನ್ನು ಅವಳು ಮನೆಯಲ್ಲಿ ಮೊದಲು ನೋಡಿದ್ದು, ಗಂಡನ ಮುಖದ ಮೇಲೆ.

ಗಂಡ ಈಗ ಮಾರುಕಟ್ಟೆಯ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ಕೂರುತ್ತಿದ್ದ. ಹಿಂದೆ ದೊಡ್ಡದೊಂದು ಒಡವೆ ಅಂಗಡಿಯ ಕಾವಲುಗಾರ. ಆ ಅಂಗಡಿಯಲ್ಲಿ ಕಳ್ಳತನವಾದ ಕಥೆಯನ್ನು ಅವನ ಬಾಯಿಂದ ಕೇಳದವರು ಆ ಬೀದಿಯಲ್ಲಿ ಯಾರೂ ಇಲ್ಲ. ಹಾಡಿದ್ದೇ ಹಾಡೋ ಕಿಸ್ಬಾಯಿ ದಾಸ ಎನ್ನುತ್ತಾರಲ್ಲ, ಹಾಗೆ. ಆದರೆ ಒಂದು ಮಾತು ಒಪ್ಪಬೇಕು, ಅವನು ಹೇಳುತ್ತಿದ್ದ ಚಂದಕ್ಕೆ ಹತ್ತನೇ ಸಲ ಕೇಳಿದವರೂ ನಗುತ್ತಿದ್ದರು.

"ರಜೆ ದಿನ, ಮಟಮಟ ಮಧ್ಯಾಹ್ನ. ಅಂಗಡಿಗೆ ಬಾಗಿಲು ಹಾಕಿದೆ. ನಾನು ಊಟ ಮುಗ್ಸಿ ಡಬ್ಬಿ ತೊಳೀತಾ ಇದ್ದೀನಿ. ಹಿಂದಿನ ಬಾಗಿಲಿಂದ ಮೂರು ಜನ ಬಂದ್ರು ನೋಡಿ. ಏನು ಶಿಸ್ತು ಅಂತೀರ! ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದ್ರು. ನನ್ನನ್ನ ಕುರ್ಚಿಗೆ ಹಾಕಿ ಟೆಲಿಫೋನ್ ವೈರಲ್ಲಿ ಸುತ್ತಿದ್ರು. ಕೈ ಆಯ್ತು, ಕಾಲು ಆಯ್ತು. ಅಷ್ಟೊತ್ತಿಗೆ ಹಾಳಾದ್ದು ಮೂಗು ತುರಿಸೋಕೆ ಶುರುವಾಯ್ತು. 'ಸ್ವಾಮಿ, ಕದಿಯೋದು ಹೇಗೂ ಕದೀತೀರ, ನನ್ನ ಮೂಗು ಒಂಚೂರು ತುರಿಸಿಬಿಡಿ' ಅಂದೆ. ಪಾಪ, ಒಬ್ಬ ಚಾಕು ಕಂಕುಳಲ್ಲಿ ಇಟ್ಕೊಂಡು ತುರಿಸ್ತಾನೆ! ನಾನು ಬಿಡ್ತೀನಾ? 'ಎಡಕ್ಕೆ' ಅಂದೆ. 'ಇನ್ನೂ ಎಡಕ್ಕೆ' ಅಂದೆ..."

ಇಲ್ಲಿಗೆ ಬಂದಾಗ ನಿಲ್ಲಿಸಿ ಮಗಳ ಕಡೆ ನೋಡುತ್ತಿದ್ದ. ಕೊನೆಯ ಮಾತು ಅವಳದು. ನಾಲ್ಕೈದು ವರ್ಷದವಳಿದ್ದಾಗಿನಿಂದಲೂ ಅವಳದೇ. "ಇನ್ನೂ ಸ್ವಲ್ಪ ಎಡಕ್ಕೆ!" ಎಂದು ಅವಳು ಮೂಗು ಮುಂದೆ ಮಾಡಿ ಕೂಗಿದಳೆಂದರೆ ಕೇಳುವವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಕಥೆ ಅಲ್ಲಿಗೆ ಮುಗಿದಿರಲಿಲ್ಲ, ಅದು ಬೆನ್ನಕ್ಕನಿಗೆ ಗೊತ್ತಿತ್ತು. ಆ ಅಂಗಡಿಗೆ ಇಬ್ಬರು ಕಾವಲುಗಾರರು. ಇನ್ನೊಬ್ಬರು ವಯಸ್ಸಾದವರು, ಮನೆಯ ಕಡೆ ಯಾರೂ ಇಲ್ಲದವರು. ಮಗಳು ಅವರನ್ನು ತಾತ ಎನ್ನುತ್ತಿದ್ದಳು. ಸೈಕಲ್ಲಿನ ಮುಂದಿನ ಸರಳಿನ ಮೇಲೆ ಟವೆಲ್ಲು ಸುತ್ತಿ, ಅದರ ಮೇಲೆ ಅವಳನ್ನು ಕೂರಿಸಿಕೊಂಡು ಬೀದಿ ಬೀದಿ ಸುತ್ತಿಸುತ್ತಿದ್ದರು. ತಮ್ಮ ಕಾವಲಿನ ಸೀಟಿಯನ್ನು ಅವಳಿಗೆ ಊದಲು ಕೊಟ್ಟು ಬೈಸಿಕೊಳ್ಳುತ್ತಿದ್ದರು. ಆ ಮಧ್ಯಾಹ್ನ ಅವರು ಊಟ ಮಾಡಿ ಎಡಗಡೆಯ ಸಣ್ಣ ಕೋಣೆಯಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಗಳ ಹಿಂದೆ ಮಲಗಿದ್ದರು. ಅಲ್ಲೊಂದು ಕೋಣೆಯಿದೆ ಎಂದು ಹೊರಗಿನವರಿಗೆ ಹೊಳೆಯುವಂತೆಯೇ ಇರಲಿಲ್ಲ. ಕಳ್ಳರು ಅಲ್ಲಿಗೆ ಹೋದರು. ಎದ್ದು ಕೂತ ಮುದುಕರ ತಲೆಗೆ ಕಬ್ಬಿಣದ ಸರಳಿನಿಂದ ಹೊಡೆದರು.

ಆಸ್ಪತ್ರೆಯಲ್ಲಿ ಅವರು ಕಣ್ಣು ಬಿಟ್ಟ ದಿನ ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಮುದುಕರು ಗಂಡನ ಕೈ ಹಿಡಿದುಕೊಂಡು, "ನೀನಾದ್ರೂ ಉಳ್ಕೊಂಡ್ಯಲ್ಲ ಮಗಾ, ಸಾಕು" ಎಂದರು. ಹಿಂದಿರುಗುವಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಗಂಡ ಕುಸಿದು ಕೂತ. "ಕುತ್ತಿಗೆಗೆ ಚಾಕು ಇಟ್ಟು ಇನ್ಯಾರಿದ್ದಾರೆ ಅಂದ್ರು ಕಣೇ. ಎಡಗಡೆ ಕೋಣೆ ಅಂದುಬಿಟ್ಟೆ. ಸಿಗ್ಲಿಲ್ಲ ಅಂತ ವಾಪಸ್ ಬಂದ್ರು. ಇನ್ನೂ ಆ ಕಡೆ, ಪೆಟ್ಟಿಗೆ ಹಿಂದೆ ಅಂತ ನಾನೇ ಹೇಳ್ದೆ. ಎರಡು ಸಲ ಹೇಳ್ದೆ." ಅಷ್ಟು ಹೇಳಿದವನು ಮತ್ತೆ ಆ ವಿಷಯ ಎತ್ತಲಿಲ್ಲ. ಮುದುಕರು ಆ ಹಾಸಿಗೆಯಿಂದ ಏಳಲೇ ಇಲ್ಲ. ಅಂಗಡಿಯ ಮಾಲೀಕ ಇವನ ಮೇಲೇ ಗುಮಾನಿಪಟ್ಟು ಕೆಲಸದಿಂದ ತೆಗೆದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ; ಬೀದಿಯಲ್ಲಿ ತಲೆಯೆತ್ತಿದರೆ ಸಾಕು, ಎದುರು ಬಂದವರೆಲ್ಲ "ಅವತ್ತು ಏನಾಯ್ತಪ್ಪ?" ಎಂದು ಕೇಳುತ್ತಿದ್ದರು. ಆಗಲೇ ಮೂಗಿನ ಕಥೆ ಹುಟ್ಟಿದ್ದು. ನಕ್ಕವರು "ಆಮೇಲೆ?" ಎಂದು ಕೇಳುವುದಿಲ್ಲ. ನಗುವೇ ಮುಗಿದಿರುವುದಿಲ್ಲವಲ್ಲ.

ಆ ಒಂದು ಮಾತನ್ನು ಬೆನ್ನಕ್ಕ ಹೊಟ್ಟೆಯೊಳಗೆ ಇಟ್ಟುಕೊಂಡಳು. ಗಂಡನ ಮೇಲೆ ಕರುಣೆಯಿಂದ ಎನ್ನಲಾರೆ. ಕೆಲವು ದಿನ ಅವನ ತಟ್ಟೆಗೆ ಅನ್ನ ಬಡಿಸುವಾಗ ಅವಳಿಗೆ ಕೈ ಭಾರವಾಗುತ್ತಿತ್ತು. ಆದರೆ ಮಗಳ ಕಂಪಾಸು ಪೆಟ್ಟಿಗೆಯಲ್ಲಿ ತಾತನ ಸೀಟಿ ಇನ್ನೂ ಇತ್ತು, ಮತ್ತು ಮಗಳಿಗೆ ಅಪ್ಪ ಎಂದರೆ ಪ್ರಾಣ. ಈ ಎರಡೂ ಒಂದೇ ಮನೆಯಲ್ಲಿ ಉಳಿಯಬೇಕೆಂದರೆ ಆ ಮಾತು ಹೊರಗೆ ಬರಬಾರದು. ಅಷ್ಟೇ ಅವಳ ಲೆಕ್ಕ.

ಹೋದ ವರ್ಷ ಒಂದು ಸಂಜೆ ಗಂಡ ಹಿಗ್ಗಿಕೊಂಡು ಮನೆಗೆ ಬಂದಿದ್ದ. ಸ್ಟ್ಯಾಂಡಿಗೆ ಬಂದ ಕನ್ನಡಕದ ಹುಡುಗನೊಬ್ಬ ಕಥೆ ಕೇಳಿದನಂತೆ, ಟೀ ಕುಡಿಸಿದನಂತೆ, ಇನ್ನೊಂದು ಸಲ ಹೇಳಿ ಎಂದನಂತೆ. "ಸಿನಿಮಾಗೆ ಕಥೆ ಬರೆಯೋನಂತೆ ಕಣೇ!" ತಾಯಿ ಮಗಳು ಇಬ್ಬರೂ ನಕ್ಕು ಸುಮ್ಮನಾದರು. ಟೀ ಕುಡಿಸುವವರೆಲ್ಲ ಸಿನಿಮಾ ಮಾಡಿದ್ದರೆ ಊರ ತುಂಬ ಟಾಕೀಸುಗಳೇ ಇರುತ್ತಿದ್ದವು.

ಆ ಚಿತ್ರ ಮಂಡಳಿಗೆ ಬಂದ ದಿನ ಬೆನ್ನಕ್ಕನಿಗೆ ಗೊತ್ತಿದ್ದದ್ದು ಇಷ್ಟೇ: ಕಳ್ಳರ ಕಥೆ, ಕಾಮಿಡಿ, ಹದಿಮೂರರ ಮೇಲಿನ ಮಕ್ಕಳಿಗೂ ಬಿಡಿ ಎಂದು ಕೇಳಿದ್ದಾರೆ. ಮಕ್ಕಳು ಬಂದರು. ಸಾಲಾಗಿ ಮೆಟ್ಟಿಲು ಹತ್ತಿ ಬಂದವರ ನಡುವೆ ತನ್ನ ಮಗಳು.

"ನೀನೇನೇ ಇಲ್ಲಿ?"

"ನಮ್ಮ ಕ್ಲಾಸನ್ನ ಆರಿಸಿದ್ರು. ನಿನಗೆ ಹೇಳಿದ್ರೆ ಬೇಡ ಅಂತಿದ್ದೆ." ಮಗಳು ಪಿಸುಗುಟ್ಟಿದಳು. "ಟೀಚರಿಗೂ ಹೇಳಿಲ್ಲಮ್ಮ, ನೀನು ನಮ್ಮಮ್ಮ ಅಂತ. ಒಂದೇ ಒಂದು ಸಲ. ನೀನು ಕೆಲಸ ಮಾಡೋದು ನೋಡ್ಬೇಕು."

ಮಂಡಳಿಯವರ ಮನೆಯ ಮಕ್ಕಳು ಆ ಸಾಲಿನಲ್ಲಿ ಕೂರಬಾರದೆಂಬ ನಿಯಮವಿತ್ತು. ತಲೆನೋವು ಎಂದು ಹೇಳಿ ಮಗಳನ್ನು ಹೊರಗೆ ಕೂರಿಸುವುದು ಒಂದು ನಿಮಿಷದ ಕೆಲಸ. ಬೆನ್ನಕ್ಕ ಹಾಗೆ ಮಾಡಲಿಲ್ಲ. ಅವಳಿಗೂ ಸ್ವಲ್ಪ ಹೆಮ್ಮೆ ಬೇಕಾಗಿತ್ತು. ಮನೆಯಲ್ಲಿ ಪಾತ್ರೆ ತಿಕ್ಕುವ, ರೇಗುವ ಅಮ್ಮನನ್ನು ಕಂಡವಳು, ಮಂಡಳಿಯ ವಕೀಲರು, ಹೆಡ್‌ಮೇಡಂ ಎಲ್ಲ ಮಾತಿಗೆ ಕಾಯುವ ಅಮ್ಮನನ್ನೂ ಒಂದು ಸಲ ಕಾಣಲಿ ಎಂದುಕೊಂಡಳು. ಈ ಲೋಕದಲ್ಲಿ ಬಡವರ ಹೆಮ್ಮೆಗೆ ಬೀಳುವ ಪೆಟ್ಟು ಬೇರೆ ಯಾವುದಕ್ಕೂ ಬೀಳುವುದಿಲ್ಲ.

ದೀಪ ಆರಿತು. ಮುಖಗಳ ಮೇಲೆ ಪರದೆಯ ಬೆಳಕು ಬಂದು ಕೂತಿತು. ಮಗಳು ಸಾಲಿನ ನಡುವೆ, ನೇರ ಎದುರಿಗೆ. ಮೊದಲ ಅರ್ಧ ಗಂಟೆ ಸಲೀಸಾಗಿ ಹೋಯಿತು. ಯಾರೋ ಮೂವರು ಪೆದ್ದ ಕಳ್ಳರು, ಒಬ್ಬನಿಗೆ ಸೀನುವ ಕಾಯಿಲೆ, ಬೀಗ ಎಂದುಕೊಂಡು ಗಂಟೆ ಬಾರಿಸುತ್ತಾರೆ. ಮಕ್ಕಳ ಕಾಲು ನೆಲ ಬಿಟ್ಟಿದ್ದವು. ಮಗಳು ನಗುವ ನಡುವೆ ಅಮ್ಮನ ಗೋಡೆ ಮುಖ ನೋಡಿ ಇನ್ನಷ್ಟು ನಗುತ್ತಿದ್ದಳು.

ಆಮೇಲೆ ಬೆನ್ನ ಹಿಂದಿನಿಂದ ಒಂದು ದನಿ ಬಂತು. "ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬನ್ನಿ ಸ್ವಾಮಿ, ಈಗಷ್ಟೇ ಒರೆಸಿದ್ದೀನಿ."

ಮಗಳ ಕಣ್ಣು ಅಗಲವಾದವು. ಟೆಲಿಫೋನ್ ವೈರು ಬಂತು. ಮೂಗು ಬಂತು. ದನಿ ಯಾರದೋ ನಟನದು. ಮಾತು, ಮಾತಿನ ನಡುವೆ ಉಸಿರು ನಿಲ್ಲಿಸುವ ಜಾಗ, "ಒಂಚೂರು" ಎನ್ನುವಾಗ ಎಳೆಯುವ ರೀತಿ ಎಲ್ಲವೂ ತನ್ನ ಗಂಡನದು. ಹತ್ತು ವರ್ಷ ಅಡುಗೆಮನೆಯಿಂದ ಕೇಳಿದ್ದನ್ನು ಈಗ ಸಿನಿಮಾದ ದೊಡ್ಡ ಪೆಟ್ಟಿಗೆಗಳಿಂದ ಕೇಳುತ್ತಿದ್ದಾಳೆ. ಪರದೆಯ ಮೇಲಿನ ಕಾವಲುಗಾರ "ಇನ್ನೂ ಸ್ವಲ್ಪ ಎಡಕ್ಕೆ!" ಎಂದಾಗ ಮಕ್ಕಳೆಲ್ಲ ಹೋ ಎಂದರು. ಮಗಳ ತುಟಿಯೂ ಅದೇ ಮಾತನ್ನು ಆಡಿತು. ಅಪ್ಪನ ಕಥೆ! ಅವಳು ಪಕ್ಕದ ಗೆಳತಿಯ ತೋಳು ಹಿಡಿದು ಅಲ್ಲಾಡಿಸಿದಳು. ಆ ಮುಖದಲ್ಲಿದ್ದ ಸಂತೋಷವನ್ನು ಬೆನ್ನಕ್ಕ ಆ ಕುರ್ಚಿಯಿಂದ ಯಾವ ಮಗುವಿನ ಮುಖದಲ್ಲೂ ಕಂಡಿರಲಿಲ್ಲ. ಸದ್ಯ, ಕಥೆ ಇಲ್ಲಿಗೆ ಮುಗಿಯಿತು ಎಂದು ಉಸಿರು ಬಿಟ್ಟಳು.

ಸಿನಿಮಾದವರಿಗೆ ಒಂದು ಸಲ ನಗಿಸಿದ ಮಾತಿನಿಂದ ಎರಡು ಸಲ ನಗಿಸದಿದ್ದರೆ ನಿದ್ದೆ ಬರುವುದಿಲ್ಲ. ಹಿಂದಿನಿಂದ ಕಳ್ಳನ ದನಿ ಕೇಳಿಸಿತು.

"ಒಳಗೆ ಇನ್ಯಾರಿದ್ದಾರೋ?"

"ಎಡಕ್ಕೆ," ಎಂದ ಕಾವಲುಗಾರ.

ಹೆಜ್ಜೆಗಳ ಸದ್ದು. "ಇಲ್ಲಿ ಯಾರೂ ಇಲ್ವಲ್ಲೋ!"

"ಇನ್ನೂ ಸ್ವಲ್ಪ ಎಡಕ್ಕೆ."

ಠಣ್ ಎಂದು ಬಾಣಲೆಯ ಸದ್ದು, ಯಾರೋ ದೊಪ್ಪನೆ ಬಿದ್ದ ಸದ್ದು, ಪೀಪಿ ವಾದ್ಯ. ಇಡೀ ಸಾಲು ಎದ್ದು ಕುಣಿಯುವಷ್ಟು ನಕ್ಕಿತು.

ಬೆನ್ನಕ್ಕ ತಿರುಗಿದಳು. ಒಂಬತ್ತು ವರ್ಷ ಬಾಂಬು ಸಿಡಿದಾಗಲೂ ತಿರುಗದವಳು, ಬೋಲ್ಟು ಹಾಕಿದ ಕುರ್ಚಿಯಲ್ಲಿ ಸೊಂಟ ತಿರುಚಿ ಪರದೆಯನ್ನು ನೋಡಿದಳು. ತೀರ ಹತ್ತಿರದಿಂದ ಅದು ಬರೀ ಬಣ್ಣದ ರಾಶಿ. ನೆಲದ ಮೇಲೆ ಬಿದ್ದ ಬಿಳಿ ಮೀಸೆಯೊಂದು ಕಂಡಿತು. ಯಾರೂ ಹೇಳದಿದ್ದ ಮಾತನ್ನು ಆ ಕನ್ನಡಕದ ಹುಡುಗ ತಮಾಷೆಗೆಂದು ಕಟ್ಟಿದ್ದ. ನಿಜ ಯಾವುದೆಂದು ಅವನಿಗೂ ಗೊತ್ತಿರಲಿಲ್ಲ, ಮಕ್ಕಳಿಗೂ ಗೊತ್ತಿರಲಿಲ್ಲ, ಆ ಮಂದಿರದಲ್ಲಿ ಗೊತ್ತಿದ್ದವಳು ಒಬ್ಬಳೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳೇ ಕತ್ತು ತಿರುಗಿಸಿದ್ದಳು.

ಮತ್ತೆ ಈ ಕಡೆ ತಿರುಗಿದಾಗ ಹನ್ನೊಂದು ಮುಖಗಳು ಪರದೆ ನೋಡಿ ನಗುತ್ತಿದ್ದವು. ಒಂದು ಮುಖ ಮಾತ್ರ ಪರದೆಯನ್ನು ನೋಡುತ್ತಿರಲಿಲ್ಲ. ಅಮ್ಮನನ್ನು ನೋಡುತ್ತಿತ್ತು. ಬೆನ್ನಕ್ಕ ಆತುರಾತುರವಾಗಿ ತನ್ನ ಗೋಡೆಯನ್ನು ಮತ್ತೆ ಕಟ್ಟಿಕೊಂಡಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಮಗಳ ಹುಬ್ಬಿನ ಮಧ್ಯೆ, ಅಳುವಿಗೂ ಮೊದಲು ಬರುವ ಅದು ಬಂದಿತ್ತು. ಆದರೆ ಅಳು ಬರಲಿಲ್ಲ. ಚಿತ್ರ ಮುಗಿಯುವವರೆಗೂ ಬರಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರವಾದರೆ ಕೈ ಹಿಡಿದುಕೊಳ್ಳಬಹುದಿತ್ತು.

ಮಕ್ಕಳನ್ನು ಹೊರಗಿನ ಹಜಾರಕ್ಕೆ ಕಳಿಸಿ ಜ್ಯೂಸ್ ಕೊಟ್ಟರು. ಒಳಗೆ ದೊಡ್ಡವರ ಮಾತು ಶುರುವಾಯಿತು. ಅಧ್ಯಕ್ಷರಿಗೆ ಸಿಗರೇಟಿನ ಚಿಂತೆ. ಎರಡನೇ ಕಳ್ಳ ಸೇದುತ್ತಾನೋ ಅಥವಾ ಬರೀ ಬಾಯಲ್ಲಿ ಇಟ್ಟುಕೊಳ್ಳುತ್ತಾನೋ, ಹೊಗೆ ಬಂತೋ ಇಲ್ಲವೋ, ಅದರ ಮೇಲೆ ಒಂದು ಕಪ್ಪು ಟೀ ತಣ್ಣಗಾಗುವಷ್ಟು ಹೊತ್ತು ಚರ್ಚೆ ನಡೆಯಿತು. ಬೈಗುಳಗಳ ವಿಷಯ ಬಂತು.

"ಆ ಮುದುಕನ ತಲೆಗೆ ಹೊಡೀತಾರಲ್ಲ, ಅದು?" ಎಂದರು ಅಧ್ಯಕ್ಷರು.

"ಅದು ಕಾಮಿಡಿ ಮೇಡಂ," ಎಂದರು ಮಂಡಳಿಯ ವಕೀಲರು. "ಬಾಣಲೆ ಅದು, ಆಯುಧ ಅಲ್ಲ. ಒಂದು ಹನಿ ರಕ್ತ ಇಲ್ಲ. ಮುಂದಿನ ಸೀನಲ್ಲಿ ಬ್ಯಾಂಡೇಜ್ ಸುತ್ಕೊಂಡು ಎದ್ದು ಡ್ಯಾನ್ಸ್ ಮಾಡ್ತಾನೆ. ಕಳ್ಳರೂ ಕೊನೆಗೆ ಸಿಕ್ಕಿಬೀಳ್ತಾರೆ, ನೀತಿನೂ ಇದೆ. ಇನ್ನೇನು ಬೇಕು?"

ಸಿನಿಮಾದ ಮುದುಕರ ತಲೆ ಗಟ್ಟಿ. ಸಿನಿಮಾದ ಕಳ್ಳರು ಸಿಕ್ಕಿಬೀಳುತ್ತಾರೆ.

"ಬೆನ್ನಕ್ಕ, ನೀವು ಹೇಳಿ. ಮಕ್ಕಳು ಹೇಗಿದ್ರು?"

"ಮಕ್ಕಳಿಗೆ ಇದು ಬೇಡ ಮೇಡಂ."

ಎಲ್ಲರೂ ತಲೆಯೆತ್ತಿದರು. ಅವಳು ಇಷ್ಟು ವರ್ಷದಲ್ಲಿ ಮುಖ ಹೇಗಿತ್ತೆಂದು ಹೇಳಿದ್ದಳೇ ಹೊರತು ಬೇಕು ಬೇಡ ಎಂದವಳಲ್ಲ.

"ಯಾಕೆ? ಹಿಂದಿನ ಸಾಲಿಗೂ ಕೇಳ್ತಿತ್ತಲ್ರೀ ನಗೋದು. ಯಾರಾದ್ರೂ ಹೆದರಿದ್ರಾ?"

"ಒಂದು ಹುಡುಗಿ... ನಗಲಿಲ್ಲ ಮೇಡಂ."

"ಯಾವ ಸೀನಲ್ಲಿ?"

ಸೀನು ಹೇಳಿದರೆ ಅದರಲ್ಲೇನಿದೆ ಎಂದು ಕೇಳುತ್ತಾರೆ.

"ಸರಿ, ಯಾವ ಹುಡುಗಿ ಹೇಳಿ," ಎಂದರು ವಕೀಲರು, ಕೆಟ್ಟ ಮನಸ್ಸಿನಿಂದೇನಲ್ಲ. "ಹೊರಗೇ ಇದ್ದಾರಲ್ಲ. ಕರೆದು ಕೇಳೋಣ, ಏನಮ್ಮ ಬೇಜಾರಾಯ್ತು ಅಂತ. ಯಾವ ಕಡೆ ಕೂತಿದ್ಳು?"

ಗಾಜಿನ ಬಾಗಿಲಿನಾಚೆ ಮಗಳು ಕಾಣುತ್ತಿದ್ದಳು. ಜ್ಯೂಸಿನ ಲೋಟ ಕೈಯಲ್ಲಿ ಹಾಗೇ ಇತ್ತು. ಕರೆದು ಕೇಳಿದರೆ ಅವಳು ಹೇಳಿಯೇ ಬಿಡುತ್ತಾಳೆ, ಸುಳ್ಳು ಅವಳಿಗೆ ಬರುವುದಿಲ್ಲ. ಅಪ್ಪನ ಹೆಸರು ಹೊರಗೆ ಬರುತ್ತದೆ, ನಿಯಮ ಮುರಿದ ಅಮ್ಮನ ಕೆಲಸವೂ ಹೋಗುತ್ತದೆ. ಗಂಡನ ಕುತ್ತಿಗೆಯ ಮೇಲೆ ಚಾಕುವಾದರೂ ಇತ್ತು. ಇಲ್ಲಿ ಒಳ್ಳೆಯ ಜನ, ಒಳ್ಳೆಯ ಮಾತಿನಲ್ಲಿ, ಕುರ್ಚಿಗೆ ಒರಗಿಕೊಂಡು ಕೇಳುತ್ತಿದ್ದಾರೆ, ಅಷ್ಟಕ್ಕೇ ಅವಳು ಮಾತು ಬದಲಿಸಿದಳು.

"ನನಗೇ ಸರಿಯಾಗಿ ಕಾಣಲಿಲ್ಲ ಅನ್ಸುತ್ತೆ ಮೇಡಂ," ಎಂದಳು. "ಎಲ್ಲ ಮಕ್ಕಳೂ ನಕ್ರು."

"ಅಷ್ಟೇ ತಾನೆ!" ಅಧ್ಯಕ್ಷರು ಕನ್ನಡಕ ತೆಗೆದರು. ಸಿಗರೇಟನ್ನು ಮಸುಕು ಮಾಡಿ, ಹದಿಮೂರರ ಮೇಲಿನ ಮಕ್ಕಳೆಲ್ಲ ನೋಡಬಹುದು ಎಂದು ತೀರ್ಮಾನವಾಯಿತು. ಎದ್ದು ಹೋಗುವಾಗ ವಕೀಲರು ಮೂಗು ತುರಿಸಿಕೊಂಡು, "ಇನ್ನೂ ಸ್ವಲ್ಪ ಎಡಕ್ಕೆ!" ಎಂದರು. ಎಲ್ಲರೂ ನಕ್ಕರು. ಬೆನ್ನಕ್ಕನೂ ನಕ್ಕಳು, ಮೂರನೇ ಜಾತಿಯ ನಗು.

ಬಸ್ಸಿನಲ್ಲಿ ತಾಯಿ ಮಗಳು ಅಕ್ಕಪಕ್ಕ ಕೂತರು. ಮಗಳು ಚೀಲದಿಂದ ಕಂಪಾಸು ಪೆಟ್ಟಿಗೆ ತೆಗೆದು, ಮುಚ್ಚಳ ತೆರೆಯದೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬಸ್ಸು ಕುಲುಕಿದಾಗೆಲ್ಲ ಒಳಗಿನ ಸೀಟಿ ತಗಡಿಗೆ ತಗುಲಿ ಸದ್ದು ಮಾಡುತ್ತಿತ್ತು.

"ಅಮ್ಮ, ತಾತ ಮಲಗ್ತಿದ್ದ ರೂಮು ಯಾವ ಕಡೆ ಇತ್ತು?"

ಬಲಗಡೆ ಎನ್ನಬಹುದಿತ್ತು. ಒಂದೇ ಪದ. ಸಾವಿರ ಸುಳ್ಳು ಹೇಳಿ ಸಂಸಾರ ನಡೆಸಿದವಳಿಗೆ ಅದೊಂದು ಹೇಳಲಾಗಲಿಲ್ಲ.

"ನೆನಪಿಲ್ಲ ಕಣೇ. ಎಷ್ಟು ವರ್ಷ ಆಯ್ತು. ಸಿನಿಮಾದವರು ಏನೇನೋ ಸೇರಿಸ್ತಾರೆ, ಅದನ್ನೆಲ್ಲ ತಲೆಗೆ ಹಾಕ್ಕೋಬೇಡ."

"ನೀನು ತಿರುಗಿ ನೋಡ್ದೆ," ಎಂದಳು ಮಗಳು. ಆಮೇಲೆ ಮನೆ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಬೆನ್ನಕ್ಕನಿಗೆ ಅವಳ ಜಡೆಯಷ್ಟೇ ಕಾಣುತ್ತಿತ್ತು.

ಗಂಡ ಆಗಲೇ ಮನೆಗೆ ಬಂದು, ಬಾಗಿಲಲ್ಲಿ ಎದುರುಮನೆಯ ದರ್ಜಿಯ ಜೊತೆ ಮಾತಾಡುತ್ತಾ ಕೂತಿದ್ದ. ಪೋಸ್ಟರು ನೋಡಿ ಬಂದಿದ್ದ! ಮಾರುಕಟ್ಟೆಯ ಗೋಡೆಯ ಮೇಲೆ, ಕುರ್ಚಿಗೆ ವೈರು ಸುತ್ತಿ ಕೂರಿಸಿದ ಕಾವಲುಗಾರನ ಚಿತ್ರ, ಮೂಗು ಕುಂಬಳಕಾಯಿಯಷ್ಟು ದಪ್ಪ. "ನಾನು ಹೇಳ್ಲಿಲ್ವಾ? ನಂದೇ ಕಥೆ ಕಣೇ! ಪಾಸ್ ಆಯ್ತಾ? ಮಕ್ಕಳನ್ನ ಬಿಡ್ತಾರಾ?"

ಬೆನ್ನಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು. ಉತ್ತರ ಕೊಟ್ಟವಳು ಮಗಳು.

"ಪಾಸ್ ಆಯ್ತಪ್ಪ. ನಾನೂ ನೋಡ್ದೆ. ನಿಂದೇ ಕಥೆ."

ಇನ್ನು ಕೇಳಬೇಕೆ. ಅವನು ಬಾಗಿಲಿಂದ ಎದ್ದು ನಡುಮನೆಗೆ ಬಂದ, ದರ್ಜಿಯನ್ನೂ ಎಳೆದು ತಂದು ಸ್ಟೂಲಿನ ಮೇಲೆ ಕೂರಿಸಿದ. ಅಷ್ಟು ಹುರುಪಿನಿಂದ ಅವನು ಎಂದೂ ಹೇಳಿರಲಿಲ್ಲ. ರಜೆ ದಿನ, ಮಟಮಟ ಮಧ್ಯಾಹ್ನ, ಡಬ್ಬಿ, ಚಪ್ಪಲಿ, ವೈರು. ದರ್ಜಿ ಕೊರಳಿಗೆ ಹಾಕಿಕೊಂಡಿದ್ದ ಅಳತೆಯ ಟೇಪಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದ. ಬೆನ್ನಕ್ಕ ಒಲೆಯ ಮುಂದೆ ಹಾಲಿನ ಪಾತ್ರೆ ಇಟ್ಟುಕೊಂಡು, ಬಾಗಿಲಿನಿಂದ ಮಗಳ ಮುಖವನ್ನೇ ನೋಡುತ್ತಿದ್ದಳು.

"'ಎಡಕ್ಕೆ' ಅಂದೆ. 'ಇನ್ನೂ ಎಡಕ್ಕೆ' ಅಂದೆ..." ಗಂಡ ನಿಲ್ಲಿಸಿ ಮಗಳ ಕಡೆ ತಿರುಗಿದ. ಮುಖ ತುಂಬ ನಗು.

ಮಗಳು ಮೂಗು ಮುಂದೆ ಮಾಡಲಿಲ್ಲ, ಕೂಗಲಿಲ್ಲ.

"ಇನ್ನೂ ಸ್ವಲ್ಪ ಎಡಕ್ಕೆ," ಎಂದಳು, ಯಾರಿಗೋ ಮನೆಯ ದಾರಿ ಹೇಳುವ ಹಾಗೆ. ದರ್ಜಿ ಹೋ ಎಂದು ನಕ್ಕ. ಆ ನಗು ಮುಗಿಯುವವರೆಗೂ ಮಗಳು ಕಾದಳು. ಆಮೇಲೆ ಕೇಳಿದಳು:

"ಆಮೇಲೆ ಏನಾಯ್ತಪ್ಪ?"

ಗಂಡನ ಹಲ್ಲುಗಳು ಕಾಣುತ್ತಲೇ ಇದ್ದವು. ಕಣ್ಣು ಮಾತ್ರ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿತು, ಹೆಂಡತಿಯ ಮುಖ ಹುಡುಕುತ್ತಾ. ಹೇಳಿದೆಯಾ ಎಂದು ಕೇಳುವ ಕಣ್ಣು. ಬೆನ್ನಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಅವಳು ತಿರುಗಿ ಅವರಿಬ್ಬರಿಗೂ ಬೆನ್ನು ಹಾಕಿದಳು, ಒಲೆಯ ಹಿಂದಿನ ಮಸಿ ಹಿಡಿದ ಗೋಡೆಯನ್ನು ನೋಡುತ್ತಾ ನಿಂತಳು. ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು.

"ಹೌದಲ್ಲಪ್ಪ," ಎಂದ ದರ್ಜಿ, ಇನ್ನೂ ಕಣ್ಣು ಒರೆಸಿಕೊಳ್ಳುತ್ತಾ. "ಇಷ್ಟು ಸಲ ಹೇಳಿದ್ದೀಯ, ಅದನ್ನ ನಾನೂ ಕೇಳೇ ಇಲ್ಲ. ಆಮೇಲೆ?"